ಗಬ್ರಿಯೇಲನಿಂದ ಜಿಬ್ರೀಲರವರೆಗೆ: ಒಂದು ಧ್ವನಿ ಉಪನ್ಯಾಸಮಾಲೆಯ ವಿಮರ್ಶೆ

ಯೆಹೂದಿ, ಕ್ರೈಸ್ತ ಹಾಗೂ ಇಸ್ಲಾಂ ಪರಂಪರೆಗಳಲ್ಲಿ ಪ್ರಧಾನ ದೇವದೂತನ ಪಾತ್ರವೇನು ಎಂಬುದನ್ನು ಗಬ್ರಿಯೇಲನೊಬ್ಬನನ್ನೇ ಹಿಡಿದು ವಿವರಿಸುವ 12 ಉಪನ್ಯಾಸಗಳ ಧ್ವನಿಮಾಲೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಅದರೊಂದಿಗೆ ಬರುವ ಟಿಪ್ಪಣಿ ಪುಸ್ತಿಕೆಯನ್ನೂ ಓದಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮಾಲೆಯನ್ನು ಹೊರತಂದಿರುವ ಸೇವೆಯನ್ನು ಹೆಸರಿಸುವ ಉದ್ದೇಶ ನನಗಿಲ್ಲ. ಇದೇ ಅಚ್ಚಿನ ಮಾಲೆಗಳು ಈಗ ಹಲವು ಕಡೆ ಸಿಗುತ್ತಿರುವುದರಿಂದ, ಇಂಥದ್ದನ್ನು ಕೊಳ್ಳುವ ಮುನ್ನ ಏನನ್ನು ಪರೀಕ್ಷಿಸಬೇಕು ಎಂಬುದನ್ನು ತೋರಿಸಲು ಇದೊಂದು ಮಾದರಿಯಾದರೆ ಸಾಕು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಮೂಲ ಪಠ್ಯವನ್ನು ಎದುರಿಗಿಟ್ಟುಕೊಂಡು ಸಾಲುಸಾಲಾಗಿ ಓದುವಾಗ ಈ ಮಾಲೆ ಬಹಳ ಚೆನ್ನಾಗಿದೆ, ಮೂರು ಪರಂಪರೆಗಳನ್ನೂ ಒಂದೇ ಅಳತೆಗೋಲಿನಿಂದ ಅಳೆದು, ಮೂರರಲ್ಲೂ ಆತ ದೇವರ ಸಂದೇಶವನ್ನು ತರುವವನು ಎಂದು ಕೈತೊಳೆದುಕೊಳ್ಳಲು ಹೊರಟಾಗಲೆಲ್ಲ ಸೊರಗುತ್ತದೆ.

ಈ ಅಳತೆಗೋಲಿನ ತೊಂದರೆ ಮಾಲೆಯ ವಿನ್ಯಾಸದಲ್ಲಿಯೇ ಇದೆ. ನಾಲ್ಕು ಉಪನ್ಯಾಸ ಯೆಹೂದಿಗಳಿಗೆ, ನಾಲ್ಕು ಕ್ರೈಸ್ತರಿಗೆ, ನಾಲ್ಕು ಇಸ್ಲಾಮಿಗೆ ಎಂದು ಪಂಕ್ತಿಭೇದವಿಲ್ಲದೆ ಬಡಿಸಲಾಗಿದೆ. ನೋಡಲು ಇದು ನ್ಯಾಯವೇ. ಆದರೆ ಮೂರು ಕಡೆಗಳಲ್ಲಿ ಈ ದೇವದೂತನ ತೂಕ ಸಮವಾಗಿಲ್ಲ. ಹೀಬ್ರೂ ಬೈಬಲಿನಲ್ಲಿ ಅವನ ಹೆಸರು ದಾನಿಯೇಲನ ಗ್ರಂಥವೊಂದರಲ್ಲಿ ಮಾತ್ರ ಬರುತ್ತದೆ. ಹೊಸ ಒಡಂಬಡಿಕೆಯಲ್ಲಿ ಲೂಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಬಿಟ್ಟು ಬೇರೆಲ್ಲೂ ಇಲ್ಲ. ಇಸ್ಲಾಮಿನಲ್ಲಿಯಾದರೋ, ಜಿಬ್ರೀಲ್ ಎಂಬ ರೂಪದಲ್ಲಿ ಅವನ ಹೆಸರು ಕುರ್‌ಆನಿನಲ್ಲಿ ಮೂರೇ ಸಲ ಬಂದರೂ, ಗ್ರಂಥವೇ ಜಿಬ್ರೀಲರ ಮೂಲಕ ಅವತೀರ್ಣವಾಯಿತು ಎಂಬ ನಂಬಿಕೆಯ ಮೇಲೆ ಇಡೀ ಪರಂಪರೆ ನಿಂತಿದೆ. ಕಾಣಿಸಿಕೊಂಡು ಮರೆಯಾಗುವ ದೂತನಿಗೂ ಪ್ರವಾದಿಯ ಬದುಕಿನ ಸುಮಾರು 23 ವರ್ಷಗಳುದ್ದಕ್ಕೂ ಬಂದುಹೋಗುತ್ತಿದ್ದ ದೂತನಿಗೂ ಸಮಪಾಲು ಹಂಚಿದರೆ, ಒಂದು ಕಡೆ ಎಳೆದು ಉದ್ದ ಮಾಡಬೇಕಾಗುತ್ತದೆ, ಇನ್ನೊಂದು ಕಡೆ ಕತ್ತರಿಸಬೇಕಾಗುತ್ತದೆ. ಈ ಮಾಲೆಯಲ್ಲಿ ಆಗಿರುವುದು ಅದೇ.

ಆರಂಭ ಮಾತ್ರ ಸೊಗಸಾಗಿದೆ. ಉಪನ್ಯಾಸಕರು ಪೀಠಿಕೆಯಲ್ಲಿ ಕಾಲ ಕಳೆಯದೆ ನೇರವಾಗಿ ದಾನಿಯೇಲನ ಗ್ರಂಥದ ಎಂಟನೆಯ ಅಧ್ಯಾಯಕ್ಕೆ ಹೋಗುತ್ತಾರೆ. ಎರಡು ಕೊಂಬಿನ ಟಗರನ್ನು ಹೋತವೊಂದು ಹೊಡೆದು ಕೆಡವುವ ದರ್ಶನವನ್ನು ಕಂಡು ದಾನಿಯೇಲ ಕಂಗಾಲಾಗಿದ್ದಾನೆ. ಊಲಾ ನದಿಯ ದಡಗಳ ನಡುವಿನಿಂದ ಒಂದು ಧ್ವನಿ, ಗಬ್ರಿಯೇಲನೇ, ಈ ಮನುಷ್ಯನಿಗೆ ದರ್ಶನವನ್ನು ತಿಳಿಯಪಡಿಸು ಎಂದು ಅಪ್ಪಣೆ ಕೊಡುತ್ತದೆ. ಗಬ್ರಿಯೇಲ ಹತ್ತಿರ ಬಂದಾಗ ದಾನಿಯೇಲ ಬೋರಲು ಬಿದ್ದು ಮೈಮರೆಯುತ್ತಾನೆ. ದೂತ ಅವನನ್ನು ಮುಟ್ಟಿ ಎಬ್ಬಿಸಿ ನಿಲ್ಲಿಸಿ, ಟಗರು ಮೇದ್ಯ ಮತ್ತು ಪಾರಸಿಯ ರಾಜರು, ಹೋತ ಗ್ರೀಸಿನ ರಾಜ ಎಂದು ಬಿಡಿಸಿ ಹೇಳುತ್ತಾನೆ. ಇಲ್ಲಿ ಗಬ್ರಿಯೇಲ ಹೊಸ ಸಂದೇಶವನ್ನೇನೂ ತರುತ್ತಿಲ್ಲ, ಆಗಲೇ ಕಂಡದ್ದನ್ನು ವಿವರಿಸುತ್ತಿದ್ದಾನೆ ಎಂಬುದನ್ನು ಉಪನ್ಯಾಸಕರು ಒತ್ತಿ ಹೇಳುವುದು ನನಗೆ ಇಷ್ಟವಾಯಿತು. ಒಂಬತ್ತನೆಯ ಅಧ್ಯಾಯದಲ್ಲಿಯೂ ಹಾಗೆಯೇ: ಯೆರೆಮೀಯನ 70 ವರ್ಷಗಳ ಮಾತನ್ನು ಓದಿ ಪ್ರಾರ್ಥನೆಯಲ್ಲಿ ತೊಡಗಿರುವ ದಾನಿಯೇಲನ ಬಳಿಗೆ ಸಂಧ್ಯಾಬಲಿಯ ಹೊತ್ತಿಗೆ ಗಬ್ರಿಯೇಲ ಬಂದು, ಆ 70 ವರ್ಷಗಳನ್ನು 70 ವಾರಗಳ ಲೆಕ್ಕಕ್ಕೆ ತಿರುಗಿಸುತ್ತಾನೆ. ಅಂದರೆ ಗ್ರಂಥವನ್ನು ಓದಿಸುವ ಗುರುವಿನ ಕೆಲಸ. ಈ ಗ್ರಂಥ ಇಂದಿನ ರೂಪಕ್ಕೆ ಬಂದದ್ದು ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಎಂದು ಹೆಚ್ಚಿನ ವಿದ್ವಾಂಸರು ಅಭಿಪ್ರಾಯಪಡುತ್ತಾರೆ ಎನ್ನುವುದನ್ನೂ, ಅದಕ್ಕೂ ಹಳೆಯ ಹೀಬ್ರೂ ಗ್ರಂಥಗಳಲ್ಲಿ ದೇವದೂತರಿಗೆ ಹೆಸರೇ ಇಲ್ಲ ಎನ್ನುವುದನ್ನೂ ಒಟ್ಟಿಗೆ ಇಟ್ಟು, ದೇವದೂತರ ಹೆಸರುಗಳು ಬಾಬೆಲಿನಿಂದ ಬಂದವು ಎಂದು ರಬ್ಬಿಗಳ, ಅಂದರೆ ಯೆಹೂದಿ ಧರ್ಮಗುರುಗಳ, ಚರ್ಚೆಗಳ ಸಂಕಲನವಾದ ಯೆರೂಸಲೇಮಿನ ತಾಲ್ಮೂದು ತಾನೇ ಒಪ್ಪಿಕೊಳ್ಳುವುದನ್ನು ಉಲ್ಲೇಖಿಸುವ ಭಾಗ ಈ ಉಪನ್ಯಾಸದ ಬೆಲೆಯನ್ನು ಹೆಚ್ಚಿಸಿದೆ.

ಎರಡನೆಯ ಉಪನ್ಯಾಸ ಹೀಬ್ರೂ ಬೈಬಲಿನ ಹೊರಗುಳಿದ ಪ್ರಾಚೀನ ಯೆಹೂದಿ ಕೃತಿಯಾದ ಹನೋಕನ ಗ್ರಂಥದ್ದು. ಅಲ್ಲಿ ಗಬ್ರಿಯೇಲನ ಮುಖವೇ ಬೇರೆ. ಮನುಷ್ಯಸ್ತ್ರೀಯರನ್ನು ಕೂಡಿದ ದೂತರ ಮಕ್ಕಳನ್ನು ಒಬ್ಬರ ಮೇಲೊಬ್ಬರು ಬೀಳುವಂತೆ ಮಾಡಿ ನಾಶಮಾಡುವ ಹೊಣೆ ಅವನಿಗೆ ಬರುತ್ತದೆ. ಇನ್ನೊಂದು ಅಧ್ಯಾಯದಲ್ಲಿ ಅವನು ಸ್ವರ್ಗೋದ್ಯಾನದ, ಸರ್ಪಗಳ ಮತ್ತು ಕೆರೂಬಿಗಳೆಂಬ ದೇವದೂತವರ್ಗದ ಮೇಲ್ವಿಚಾರಕ. ಮೃತ ಸಮುದ್ರದ ಬಳಿಯ ಕುಮ್ರಾನಿನ ಸುರುಳಿಗಳಲ್ಲಿ ಸಿಕ್ಕ ಯುದ್ಧವಿಧಿಯ ಸುರುಳಿಯೊಂದರಲ್ಲಿ ಗೋಪುರವ್ಯೂಹದ ಗುರಾಣಿಗಳ ಮೇಲೆ ಮೀಕಾಯೇಲ, ಗಬ್ರಿಯೇಲ, ಸರೀಯೇಲ, ರಫಾಯೇಲ ಎಂಬ ಹೆಸರುಗಳನ್ನು ಬರೆಯಬೇಕೆಂಬ ಸೂಚನೆಯಿದೆ. ಈ ಸಾಮಗ್ರಿಯೆಲ್ಲ ಟಿಪ್ಪಣಿ ಪುಸ್ತಿಕೆಯಲ್ಲಿ ಅಚ್ಚುಕಟ್ಟಾಗಿದೆ. ಧ್ವನಿಯಲ್ಲಿ ಮಾತ್ರ ಹೆಸರುಗಳ ಸುರಿಮಳೆಯಾಗಿ, ಪುಸ್ತಿಕೆ ಕೈಯಲ್ಲಿಲ್ಲದೆ ಕೇಳುವವರಿಗೆ ಏನೂ ನಿಲ್ಲುವುದಿಲ್ಲ.

ಮಾಲೆಯ ನಿಜವಾದ ಲಾಭ ಮೂರನೆಯ ಉಪನ್ಯಾಸದಲ್ಲಿದೆ. ತಾಲ್ಮೂದು ಮತ್ತು ಧರ್ಮಗ್ರಂಥದ ವ್ಯಾಖ್ಯಾನ ಕಥೆಗಳಾದ ಮಿದ್ರಾಷ್‌ಗಳ ಗಬ್ರಿಯೇಲನನ್ನು ಇಷ್ಟು ರಸವತ್ತಾಗಿ ಪರಿಚಯಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ದೇವರ ಸಿಂಹಾಸನದ ಬಳಿ ಕೈಕಟ್ಟಿ ನಿಂತ ಗಂಭೀರ ದೂತನನ್ನು ನಿರೀಕ್ಷಿಸಿದವರಿಗೆ ಅಲ್ಲಿ ಸಿಗುವುದು ಬೆಂಕಿಯ ಅಧಿಪತಿ. ಅಬ್ರಹಾಮನನ್ನು ಅರಸ ನಿಮ್ರೋದ ಕುಲುಮೆಗೆ ಎಸೆದಾಗ ಅವನನ್ನು ಕಾಪಾಡಲು ಗಬ್ರಿಯೇಲ ಮುಂದೆ ಬಂದನಂತೆ. ಒಬ್ಬನೇ ದೇವರು ಒಬ್ಬನೇ ಭಕ್ತನನ್ನು ತಾನೇ ಕಾಪಾಡುತ್ತಾನೆ ಎಂದು ದೇವರು ಅವನನ್ನು ತಡೆದು, ನಿನಗೆ ಇನ್ನೊಂದು ಅವಕಾಶ ಸಿಗುತ್ತದೆ ಎಂದು ಮಾತು ಕೊಟ್ಟನಂತೆ. ಆ ಅವಕಾಶ ಬಂದದ್ದು ದಾನಿಯೇಲನ ಮೂವರು ಗೆಳೆಯರನ್ನು ಬಾಬೆಲಿನ ಅರಸ ನೆಬೂಕದ್ನೆಚ್ಚರ ಬೆಂಕಿಗೆ ಹಾಕಿದಾಗ. ಆಲಿಕಲ್ಲಿನ ಅಧಿಪತಿ ತಾನು ಹೋಗಿ ಬೆಂಕಿ ಆರಿಸುತ್ತೇನೆ ಎಂದರೆ, ಗಬ್ರಿಯೇಲ ಒಪ್ಪುವುದಿಲ್ಲ: ಆಲಿಕಲ್ಲು ಬೆಂಕಿಯನ್ನು ಆರಿಸುವುದರಲ್ಲಿ ಹೆಚ್ಚುಗಾರಿಕೆ ಏನಿದೆ, ಬೆಂಕಿಯ ಅಧಿಪತಿಯಾದ ನಾನೇ ಇಳಿದು ಒಳಗೆ ತಂಪು ಮಾಡಿ ಹೊರಗೆ ಸುಡುತ್ತೇನೆ, ಆಗಲ್ಲವೇ ಪವಾಡದೊಳಗೆ ಪವಾಡ ಎಂಬುದು ಅವನ ವಾದ. ಉಪನ್ಯಾಸಕರು ಈ ಸಂಭಾಷಣೆಯನ್ನು ನಗುವನ್ನು ಅದುಮಿಕೊಂಡು ಓದುವ ರೀತಿಗಾಗಿಯೇ ಈ ಕಂತನ್ನು ಕೇಳಬೇಕು.

ಅದೇ ಕಂತಿನಲ್ಲಿ ಮಗು ಮೋಶೆಯ ಕಥೆಯೂ ಇದೆ. ಫರೋಹನ ಕಿರೀಟಕ್ಕೆ ಕೈಹಾಕಿದ ಮಗುವಿಗೆ ಬುದ್ಧಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸಲು ಬಂಗಾರವನ್ನೂ ಕೆಂಡವನ್ನೂ ಎದುರಿಗಿಡುತ್ತಾರೆ. ಮಗು ಬಂಗಾರದತ್ತ ಕೈಚಾಚುವಾಗ ಗಬ್ರಿಯೇಲ ಬಂದು ಅದರ ಕೈಯನ್ನು ಕೆಂಡದತ್ತ ತಳ್ಳುತ್ತಾನೆ, ಮಗು ಕೆಂಡವನ್ನು ಹಿಡಿದು ಕೈಯನ್ನು ಬಾಯಿಗೆ ಹಾಕಿ ನಾಲಗೆ ಸುಟ್ಟುಕೊಳ್ಳುತ್ತದೆ, ಮೋಶೆಯ ಮಾತು ತಡವರಿಸಿದ್ದು ಹೀಗೆ ಎನ್ನುತ್ತದೆ ಮಿದ್ರಾಷ್. ಕಾಪಾಡಿದ ಕೈಯೇ ಸುಟ್ಟಿತು. ಸೊಲೊಮೋನ ಫರೋಹನ ಮಗಳನ್ನು ಮದುವೆಯಾದ ದಿನ ಗಬ್ರಿಯೇಲ ಇಳಿದುಬಂದು ಸಮುದ್ರದಲ್ಲಿ ಒಂದು ಜೊಂಡನ್ನು ನೆಟ್ಟ, ಅದರ ಸುತ್ತ ಹೂಳು ಸೇರಿ ದಿಬ್ಬವಾಗಿ ಅದರ ಮೇಲೆ ರೋಮ್ ಪಟ್ಟಣ ಎದ್ದಿತು ಎಂಬ ಇನ್ನೊಂದು ಕಥೆಯಲ್ಲಿ, ದೂತನ ಒಂದು ಸಣ್ಣ ಕೈಚಳಕ ಮುಂದೆ ಯೆರೂಸಲೇಮನ್ನೇ ಕೆಡವುವ ಸಾಮ್ರಾಜ್ಯವಾಗಿ ಬೆಳೆಯುತ್ತದೆ. ಯೆರೂಸಲೇಮಿನ ಮೇಲೆ ಕೆಂಡ ಚೆಲ್ಲುವ ಅಪ್ಪಣೆಯನ್ನು ಹೇಳಿದಂತೆ ತಾನೇ ನಡೆಸದೆ ಕೆರೂಬಿಯ ಕೈಯಿಂದ ಕೆಂಡ ಪಡೆದದ್ದರಿಂದ ಅದು ತಣ್ಣಗಾಯಿತು, ಆ ತಪ್ಪಿಗೆ ಗಬ್ರಿಯೇಲ ಬೆಂಕಿಯ ಛಡಿಯೇಟು ತಿಂದು 21 ದಿನ ಹೊರಗೆ ನಿಲ್ಲಬೇಕಾಯಿತು, ಅಷ್ಟು ದಿನ ಪಾರಸಿಯ ಅಧಿಪತಿಯಾದ ದೂತ ಅವನ ಸ್ಥಾನದಲ್ಲಿ ಮೆರೆದ, ಕೊನೆಗೆ ಗಬ್ರಿಯೇಲ ಪರದೆಯ ಹಿಂದಿನಿಂದಲೇ ಇಸ್ರಾಯೇಲಿನ ಪರ ವಾದಿಸಿ ಒಳಗೆ ಬಂದ ಎಂಬ, ತಾಲ್ಮೂದಿನ ಯೋಮಾ ಭಾಗದ ಪ್ರಸಂಗವನ್ನೂ ಉಪನ್ಯಾಸಕರು ಬಿಟ್ಟಿಲ್ಲ. ದಾನಿಯೇಲನ ಹತ್ತನೆಯ ಅಧ್ಯಾಯದಲ್ಲಿ ಬರುವ 21 ದಿನಗಳ ತಡೆಯನ್ನು ರಬ್ಬಿಗಳು ಹೀಗೆ ಕಥೆಯಾಗಿ ಹಿಗ್ಗಿಸಿದ್ದಾರೆ ಎಂಬ ವಿವರಣೆಯೂ ಜೊತೆಗಿದೆ.

ಇಷ್ಟನ್ನು ಕೊಟ್ಟ ಮೇಲೆ ನಾಲ್ಕನೆಯ ಉಪನ್ಯಾಸವನ್ನು ಹೇಗೋ ತುಂಬಿಸಲಾಗಿದೆ. ಮಲಗುವ ಹೊತ್ತಿನ ಯೆಹೂದಿ ಪ್ರಾರ್ಥನೆಯಲ್ಲಿ ಬಲಕ್ಕೆ ಮೀಕಾಯೇಲ, ಎಡಕ್ಕೆ ಗಬ್ರಿಯೇಲ, ಮುಂದೆ ಊರಿಯೇಲ, ಹಿಂದೆ ರಫಾಯೇಲ, ತಲೆಯ ಮೇಲೆ ದೇವರ ಸಾನ್ನಿಧ್ಯ ಎಂದು ಹೇಳಿಕೊಳ್ಳುವ ಸಾಲು ಇದೆಯಲ್ಲ, ಅದೊಂದೇ ಅಲ್ಲಿ ಉಳಿಯುವ ವಿಷಯ. 1204ರಲ್ಲಿ ತೀರಿಕೊಂಡ ಯೆಹೂದಿ ದಾರ್ಶನಿಕ ಮೈಮೊನಿದೆಸ್ ದೇವದೂತರನ್ನು ದೇಹವಿಲ್ಲದ ಬುದ್ಧಿತತ್ತ್ವಗಳೆಂದು ಕಂಡು ಹತ್ತು ದರ್ಜೆಗಳನ್ನಾಗಿ ವಿಂಗಡಿಸಿದ, ಪ್ರವಾದಿಗಳೊಂದಿಗೆ ಮಾತಾಡುವವರು ಕೊನೆಯ ದರ್ಜೆಯವರು ಎಂಬುದು ಅವನ ನಿಲುವು. ಮೂರನೆಯ ಕಂತಿನ ಹಟಮಾರಿ ಗಬ್ರಿಯೇಲನ ಪಕ್ಕದಲ್ಲಿ ಈ ನಿಲುವನ್ನು ಇಟ್ಟು ನೋಡಿದ್ದರೆ ಚರ್ಚೆಗೆ ಎಷ್ಟೋ ಅವಕಾಶವಿತ್ತು. ಹೆಸರು ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ.

ಕ್ರೈಸ್ತ ಭಾಗ ಐದನೆಯ ಉಪನ್ಯಾಸದಿಂದ ಶುರುವಾಗುತ್ತದೆ. ದೇವಾಲಯದಲ್ಲಿ ಧೂಪ ಹಾಕುತ್ತಿರುವ ಮುದುಕ ಯಾಜಕ ಜಕರೀಯನಿಗೆ ಧೂಪವೇದಿಕೆಯ ಬಲಗಡೆಯಲ್ಲಿ ದೂತ ಕಾಣಿಸಿ, ನಿನಗೆ ಮಗ ಹುಟ್ಟುತ್ತಾನೆ ಎನ್ನುತ್ತಾನೆ. ಜಕರೀಯ ಇದನ್ನು ನಾನು ಹೇಗೆ ತಿಳಿಯಲಿ ಎಂದು ಕೇಳಿದಾಗ ದೂತ, ನಾನು ದೇವರ ಸನ್ನಿಧಿಯಲ್ಲಿ ನಿಲ್ಲುವ ಗಬ್ರಿಯೇಲ ಎಂದು ತನ್ನ ಹೆಸರನ್ನೇ ಉತ್ತರವಾಗಿ ಮುಂದಿಟ್ಟು, ನಂಬದೆ ಹೋದದ್ದಕ್ಕೆ ಅವನನ್ನು ಮೂಕನನ್ನಾಗಿ ಮಾಡುತ್ತಾನೆ. ಆರು ತಿಂಗಳ ಬಳಿಕ ನಜರೇತಿನಲ್ಲಿ ಮರಿಯಳೂ ಪ್ರಶ್ನೆ ಕೇಳುತ್ತಾಳೆ. ಅವಳಿಗೆ ಶಿಕ್ಷೆಯಿಲ್ಲ, ವಿವರಣೆಯಿದೆ. ಒಂದೇ ಅಧ್ಯಾಯದ ಈ ಎರಡು ಭೇಟಿಗಳನ್ನು ಕುರ್‌ಆನಿನ ಮರ್ಯಮ್ ಮತ್ತು ಆಲು ಇಮ್ರಾನ್ ಅಧ್ಯಾಯಗಳ ಜೊತೆಗಿಟ್ಟು ಓದಿರುವುದು ಇಡೀ ಮಾಲೆಯ ಅತ್ಯುತ್ತಮ ಅರ್ಧ ಗಂಟೆ. ಅಲ್ಲಿಯೂ ಝಕರಿಯ್ಯಾ ಮಾತು ನಿಲ್ಲಿಸುತ್ತಾರೆ, ಆದರೆ ಶಿಕ್ಷೆಯಾಗಿ ಅಲ್ಲ. ಅವರೇ ಒಂದು ಕುರುಹನ್ನು ಬೇಡುತ್ತಾರೆ. ಮೂರು ದಿನ ಸನ್ನೆಯಿಂದಲ್ಲದೆ ಜನರೊಂದಿಗೆ ಮಾತಾಡಲಾರೆ ಎಂಬುದೇ ಆ ಕುರುಹು. ಲೂಕನಲ್ಲಿ ಮೌನ ಮಗು ಹುಟ್ಟಿ ಅದಕ್ಕೆ ಯೋಹಾನನೆಂದು ಹೆಸರಿಡುವವರೆಗೆ ನಡೆಯುತ್ತದೆ. ಮರ್ಯಮರ ಪ್ರಸಂಗದಲ್ಲಿ ಕುರ್‌ಆನ್ ದೂತನನ್ನು ಹೆಸರಿಸುವುದಿಲ್ಲ. ನಾವು ನಮ್ಮ ರೂಹನ್ನು (ಆತ್ಮವನ್ನು) ಅವಳ ಬಳಿಗೆ ಕಳಿಸಿದೆವು, ಅದು ಪೂರ್ಣ ಮನುಷ್ಯರೂಪದಲ್ಲಿ ಕಾಣಿಸಿತು ಎನ್ನುತ್ತದೆ, ವ್ಯಾಖ್ಯಾನಕಾರರು ಅದು ಜಿಬ್ರೀಲ್ ಎಂದು ತಿಳಿಸುತ್ತಾರೆ. ಪರಪುರುಷನನ್ನು ಕಂಡೊಡನೆ ಮರ್ಯಮ್ ಮೊದಲು ದೇವರ ಮೊರೆ ಹೋಗುತ್ತಾರೆ. ಲೂಕನ ಮರಿಯಳು ಆ ವಂದನೆಯ ಅರ್ಥವೇನೆಂದು ಯೋಚಿಸುತ್ತಾಳೆ. ಒಂದೇ ಘಟನೆಯಲ್ಲಿ ಎರಡು ಪಠ್ಯಗಳು ಎಲ್ಲಿ ಕಣ್ಣಿಡುತ್ತವೆ ಎಂಬುದನ್ನು ಹೀಗೆ ಪಕ್ಕಪಕ್ಕದಲ್ಲಿ ತೋರಿಸುವ ವಿಧಾನವನ್ನು ಉಳಿದ ಕಂತುಗಳಿಗೂ ಏಕೆ ಬಳಸಲಿಲ್ಲವೋ ತಿಳಿಯದು.

ಆರನೆಯದು ಬಿರುದಿನ ಪ್ರಶ್ನೆ. ಬೈಬಲಿನಲ್ಲಿ ಪ್ರಧಾನ ದೂತನೆಂದು ಹೆಸರಿಡಿದು ಕರೆದಿರುವುದು ಮೀಕಾಯೇಲನನ್ನು ಮಾತ್ರ, ಅದೂ ಯೂದನ ಪತ್ರದಲ್ಲಿ. ಗಬ್ರಿಯೇಲನಿಗೆ ಆ ಸ್ಥಾನ ಸಿಕ್ಕಿದ್ದು ಪರಂಪರೆಯಿಂದ. ಉಪನ್ಯಾಸಕರು ಇದನ್ನು ಸರಿಯಾಗಿಯೇ ಹೇಳುತ್ತಾರೆ, ಆದರೆ ಪುಸ್ತಿಕೆಯ ಕೋಷ್ಟಕದಲ್ಲಿ ಲೂಕ 1ರ ಎದುರಿಗೆ ಪ್ರಧಾನ ದೂತ ಗಬ್ರಿಯೇಲ ಎಂದು ಅಚ್ಚಾಗಿದೆ. ಕೋಷ್ಟಕ ತಯಾರಿಸಿದವರು ಉಪನ್ಯಾಸ ಕೇಳಿಲ್ಲ ಎಂಬ ಅನುಮಾನ ಬರುವುದು ಇಲ್ಲಿ. 745ರಲ್ಲಿ ರೋಮಿನಲ್ಲಿ ನಡೆದ ಸಭೆಯೊಂದು ಊರಿಯೇಲ ಮುಂತಾದ ಹೆಸರುಗಳನ್ನು ಹಿಡಿದು ಪ್ರಾರ್ಥಿಸುವುದನ್ನು ಖಂಡಿಸಿ, ಮೀಕಾಯೇಲ, ಗಬ್ರಿಯೇಲ, ರಫಾಯೇಲ ಎಂಬ ಮೂರು ಹೆಸರುಗಳನ್ನು ಮಾತ್ರ ಉಳಿಸಿಕೊಂಡ ವಿಷಯವೂ ಈ ಕಂತಿನಲ್ಲಿದೆ. ಹಬ್ಬಗಳ ಮಾಹಿತಿ ಚುಟುಕಾಗಿ, ನಂಬುವಂತಿದೆ: ಕ್ಯಾಥೋಲಿಕ್ ಪಂಚಾಂಗದಲ್ಲಿ 1921ರಿಂದ ಮಾರ್ಚ್ 24ಕ್ಕಿದ್ದ ಗಬ್ರಿಯೇಲನ ಹಬ್ಬವನ್ನು 1969ರ ಸುಧಾರಣೆ ಸೆಪ್ಟೆಂಬರ್ 29ಕ್ಕೆ ಸರಿಸಿ ಮೂವರು ದೂತರನ್ನು ಒಟ್ಟಿಗೆ ಸ್ಮರಿಸುವಂತೆ ಮಾಡಿತು, ಇಥಿಯೋಪಿಯದ ಕುಲುಬಿಯಲ್ಲಿ ಗಬ್ರಿಯೇಲನ ಹಬ್ಬಕ್ಕೆ ಡಿಸೆಂಬರ್ ಕೊನೆಯಲ್ಲಿ ಯಾತ್ರಿಕರು ದೊಡ್ಡ ಸಂಖ್ಯೆಯಲ್ಲಿ ಸೇರುತ್ತಾರೆ. ಪೋಪ್ ಹನ್ನೆರಡನೆಯ ಪಯಸ್ 1951ರಲ್ಲಿ ಗಬ್ರಿಯೇಲನನ್ನು ದೂರಸಂಪರ್ಕದ ಪಾಲಕನೆಂದು ಘೋಷಿಸಿದ್ದನ್ನು ಹೇಳುವಾಗ ಉಪನ್ಯಾಸಕರ ದನಿಯಲ್ಲಿ ಸಣ್ಣ ತಮಾಷೆ ಇಣುಕುತ್ತದೆ. ಸಂದೇಶ ತಲುಪಿಸುವವನಿಗೆ ರೇಡಿಯೋ ಮತ್ತು ದೂರವಾಣಿಯವರು ಒಕ್ಕಲಾದದ್ದು ಅಸಂಗತವೇನೂ ಅಲ್ಲ.

ಏಳನೆಯ ಉಪನ್ಯಾಸ ಚಿತ್ರಕಲೆಯ ಮೇಲಿದೆ, ಮತ್ತು ಅದು ಸೋತಿದೆ. ಚಿತ್ರವನ್ನು ಕಿವಿಯಿಂದ ನೋಡಿಸಲು ಹೊರಟವರಿಗೆ ವರ್ಣನೆಯ ಕಸುಬು ಗೊತ್ತಿರಬೇಕು. ಸಿಮೋನೆ ಮಾರ್ತೀನಿ ಮತ್ತು ಲಿಪ್ಪೋ ಮೆಮ್ಮಿ 1333ರಲ್ಲಿ ಸಿಯೆನಾದ ಪ್ರಧಾನ ದೇವಾಲಯಕ್ಕೆಂದು ಬರೆದು ಈಗ ಫ್ಲಾರೆನ್ಸಿನ ಉಫ್ಫಿತ್ಸಿ ಸಂಗ್ರಹದಲ್ಲಿರುವ ಚಿತ್ರದಲ್ಲಿ, ಬಂಗಾರದ ಹಿನ್ನೆಲೆಯ ಮೇಲೆ ಗಬ್ರಿಯೇಲನ ಬಾಯಿಂದ ಹೊರಟ ಲ್ಯಾಟಿನ್ ವಂದನೆಯ ಅಕ್ಷರಗಳು ಉಬ್ಬಿ ನೇರವಾಗಿ ಮರಿಯಳ ಕಿವಿಯತ್ತ ಸಾಗುತ್ತವೆ. ಅವಳು ಮೈಯನ್ನು ಹಿಂದಕ್ಕೆ ಸೆಳೆದುಕೊಂಡು, ಮೇಲುವಸ್ತ್ರದ ಅಂಚನ್ನು ಕತ್ತಿನ ಬಳಿ ಹಿಡಿದಿದ್ದಾಳೆ. ಧ್ವನಿಮಾಲೆಯೊಂದು ಹಿಡಿದುಕೊಳ್ಳಬೇಕಾಗಿದ್ದ ಚಿತ್ರ ಇದಲ್ಲದೆ ಇನ್ನಾವುದು? ಉಪನ್ಯಾಸಕರು ಅದನ್ನು ಒಂದು ವಾಕ್ಯದಲ್ಲಿ ದಾಟಿ, ಉಳಿದ ಹೊತ್ತನ್ನು ಕಲಾವಿದರ ಜೀವನಚರಿತ್ರೆಗೆ ಕೊಟ್ಟಿದ್ದಾರೆ. ಪುಸ್ತಿಕೆಯಲ್ಲಿ ಅಚ್ಚಾದ ಚಿತ್ರ ಅಂಚೆಚೀಟಿಯಷ್ಟಿದ್ದು ಆ ಅಕ್ಷರಗಳು ಕಾಣುವುದೇ ಇಲ್ಲ.

ಕಹಳೆಯ ವಿಷಯದಲ್ಲಿ ಮಾಲೆ ಎಡವಿದೆ. ಅಂತ್ಯದಿನದಲ್ಲಿ ಗಬ್ರಿಯೇಲ ಕಹಳೆ ಊದುತ್ತಾನೆ ಎಂದು ಎಂಟನೆಯ ಉಪನ್ಯಾಸ ಯಾವ ಷರತ್ತೂ ಇಲ್ಲದೆ ಹೇಳುತ್ತದೆ. ಬೈಬಲಿನಲ್ಲಿ ಹಾಗೆ ಎಲ್ಲಿಯೂ ಇಲ್ಲ; ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ ಪ್ರಧಾನ ದೂತನ ಧ್ವನಿಯೂ ದೇವರ ತುತೂರಿಯೂ ಇವೆ, ದೂತನ ಹೆಸರಿಲ್ಲ. ಕುರ್‌ಆನಿನಲ್ಲಿಯೂ ಕಹಳೆ ಊದಲಾಗುವುದು ಎಂದಷ್ಟೇ ಇದ್ದು, ಊದುವವರು ಇಸ್ರಾಫೀಲ್ ಎಂಬುದು ಇಸ್ಲಾಮಿನ ನಂತರದ ಪರಂಪರೆಯ ಮಾತು. ಗಬ್ರಿಯೇಲನ ಕೈಗೆ ಕಹಳೆ ಬಂದದ್ದು ಕ್ರೈಸ್ತರ ಜನಪ್ರಿಯ ಕಲ್ಪನೆಯಲ್ಲಿ, ಶಾಸ್ತ್ರದ ಹೊರಗೆ. ಮೂಲ ಪಠ್ಯಕ್ಕೆ ಇಷ್ಟು ನಿಷ್ಠೆ ತೋರಿಸಿದ ಮಾಲೆಯಲ್ಲಿ ಈ ವ್ಯತ್ಯಾಸ ಬಿಟ್ಟುಹೋದದ್ದು ಕಿರಿಕಿರಿ ಉಂಟುಮಾಡುತ್ತದೆ. ಪುಸ್ತಿಕೆಯ ಅದೇ ಕೋಷ್ಟಕದಲ್ಲಿ ಮರಣದ ದೂತನ ಇಝ್ರಾಯೀಲ್ ಎಂಬ ಹೆಸರನ್ನು ಕುರ್‌ಆನಿನಿಂದ ಬಂದದ್ದೆಂದು ತೋರಿಸಲಾಗಿದೆ. ಕುರ್‌ಆನ್ ಹೇಳುವುದು ಮರಣದ ಮಲಕ್ (ದೇವದೂತ) ಎಂದು ಮಾತ್ರ.

ಇಸ್ಲಾಂ ಭಾಗದ ಮೊದಲ ಎರಡು ಉಪನ್ಯಾಸಗಳಲ್ಲಿ ಮಾಲೆ ಮತ್ತೆ ಚೇತರಿಸಿಕೊಳ್ಳುತ್ತದೆ. ಸುಮಾರು 610ರಲ್ಲಿ ಮಕ್ಕಾದ ಬಳಿಯ ಹಿರಾ ಗುಹೆಯಲ್ಲಿ ನಡೆದದ್ದನ್ನು ಪ್ರವಾದಿಯವರ ಪತ್ನಿ ಆಯಿಶಾರ ವರದಿಯನ್ನು ಅನುಸರಿಸಿ ವಿವರಿಸಲಾಗಿದೆ. ಓದು ಎಂದು ಜಿಬ್ರೀಲ್ ಆಜ್ಞಾಪಿಸುತ್ತಾರೆ. ನಾನು ಓದಬಲ್ಲವನಲ್ಲ ಎಂದು ಪ್ರವಾದಿ ಮುಹಮ್ಮದರು ಉತ್ತರಿಸುತ್ತಾರೆ. ಜಿಬ್ರೀಲ್ ಅವರನ್ನು ತಾಳಲಾರದಷ್ಟು ಬಿಗಿಯಾಗಿ ಅಪ್ಪಿ ಹಿಡಿದು ಬಿಟ್ಟು ಮತ್ತೆ ಓದು ಎನ್ನುತ್ತಾರೆ, ಹೀಗೆ ಮೂರು ಸಲ. ನಡುಗುತ್ತಾ ಮನೆಗೆ ಬಂದ ಪ್ರವಾದಿಯವರನ್ನು ಪತ್ನಿ ಖದೀಜಾ ಹೊದಿಸಿ ಸಮಾಧಾನಪಡಿಸಿ, ಕ್ರೈಸ್ತರಾಗಿದ್ದ ವೃದ್ಧ ಬಂಧು ವರಖಾ ಬಳಿಗೆ ಕರೆದೊಯ್ಯುತ್ತಾರೆ. ಮೂಸಾರ (ಮೋಶೆಯ) ಬಳಿಗೆ ಬಂದವನೇ ಇವನು ಎಂದು ಗುರುತಿಸುವವರು ಆ ವೃದ್ಧರು. ದಿವ್ಯಸಂದೇಶ ಹೇಗೆ ಬರುತ್ತಿತ್ತು ಎಂದು ಕೇಳಿದಾಗ ಪ್ರವಾದಿಯವರು ಕೊಟ್ಟ ಉತ್ತರವನ್ನೂ ಓದಲಾಗಿದೆ: ಕೆಲವೊಮ್ಮೆ ಗಂಟೆಯ ನಾದದಂತೆ, ಅದೇ ಅತ್ಯಂತ ಕಠಿಣ, ಕೆಲವೊಮ್ಮೆ ಮಲಕ್ ಮನುಷ್ಯರೂಪದಲ್ಲಿ ಬಂದು ಮಾತಾಡುತ್ತಾರೆ. ಕೊರೆಯುವ ಚಳಿಯ ದಿನದಲ್ಲಿಯೂ ಸಂದೇಶ ಇಳಿದು ಮುಗಿಯುವ ಹೊತ್ತಿಗೆ ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು ಎಂದು ಆಯಿಶಾ ನೆನೆಯುತ್ತಾರೆ. ದಾನಿಯೇಲ ಬೋರಲು ಬೀಳುವುದನ್ನು, ಜಕರೀಯ ದಿಗಿಲುಬೀಳುವುದನ್ನು ಹಿಂದೆಯೇ ಕೇಳಿದ ಕಿವಿಗೆ ಈ ಮೈಯ ವಿವರಗಳು ತಾವಾಗಿಯೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಉಪನ್ಯಾಸಕರು ಇಲ್ಲಿ ಸುಮ್ಮನಿರುವುದು ಜಾಣತನ.

ಹತ್ತನೆಯ ಉಪನ್ಯಾಸವನ್ನು ಇಮಾಮ್ ಮುಸ್ಲಿಂ ಸಂಕಲಿಸಿದ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಸಂಗ್ರಹದಲ್ಲಿ ಒಡನಾಡಿ ಉಮರ್ ನಿರೂಪಿಸುವ, ಜಿಬ್ರೀಲರ ಹದೀಸ್ ಎಂದೇ ಪ್ರಸಿದ್ಧವಾದ ಪ್ರಸಂಗಕ್ಕೆ ಮೀಸಲಿಟ್ಟಿದ್ದಾರೆ. ಅಚ್ಚಬಿಳಿ ಬಟ್ಟೆಯ, ಕಡುಕಪ್ಪು ಕೂದಲಿನ ಮನುಷ್ಯನೊಬ್ಬ ಬರುತ್ತಾನೆ. ಪ್ರಯಾಣದ ದಣಿವಿನ ಗುರುತು ಅವನ ಮೇಲಿಲ್ಲ, ಅಲ್ಲಿದ್ದ ಯಾರಿಗೂ ಅವನ ಪರಿಚಯವಿಲ್ಲ. ಪ್ರವಾದಿಯವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಇಸ್ಲಾಂ ಎಂದರೇನು, ಈಮಾನ್ (ವಿಶ್ವಾಸ) ಎಂದರೇನು, ಇಹ್ಸಾನ್ (ಒಳಿತಿನ ಪರಿಪೂರ್ಣತೆ) ಎಂದರೇನು ಎಂದು ಕೇಳಿ, ಉತ್ತರ ಬಂದಾಗ ನಿಜ ಹೇಳಿದಿರಿ ಎನ್ನುತ್ತಾನೆ. ಪ್ರಶ್ನೆಯನ್ನೂ ತಾನೇ ಕೇಳಿ ಉತ್ತರವನ್ನೂ ತಾನೇ ಒಪ್ಪುತ್ತಾನಲ್ಲ ಎಂದು ನಮಗೆ ಅಚ್ಚರಿಯಾಯಿತು ಎನ್ನುತ್ತಾರೆ ಉಮರ್. ಲೋಕಾಂತ್ಯದ ಗಳಿಗೆ ಯಾವಾಗ ಎಂದು ಕೇಳಿದಾಗ ಬರುವ ಉತ್ತರ: ಕೇಳಲ್ಪಟ್ಟವನಿಗೆ ಕೇಳಿದವನಿಗಿಂತ ಹೆಚ್ಚೇನೂ ಗೊತ್ತಿಲ್ಲ. ಆತ ಹೋದ ಮೇಲೆ, ಅವರು ಜಿಬ್ರೀಲ್, ನಿಮಗೆ ನಿಮ್ಮ ಧರ್ಮವನ್ನು ಕಲಿಸಲು ಬಂದಿದ್ದರು ಎಂದು ಪ್ರವಾದಿಯವರು ತಿಳಿಸುತ್ತಾರೆ. 600 ರೆಕ್ಕೆಗಳಿರುವ ಸ್ವರೂಪವನ್ನು ಪ್ರವಾದಿಯವರು ಕಂಡರೆಂಬ ವರದಿಯನ್ನೂ, ದಿಹ್ಯಾ ಅಲ್‌ ಕಲ್ಬಿ ಎಂಬ ಒಡನಾಡಿಯ ರೂಪದಲ್ಲಿ ಜಿಬ್ರೀಲ್ ಬರುತ್ತಿದ್ದರೆಂಬ ವರದಿಯನ್ನೂ ಇದರ ಪಕ್ಕದಲ್ಲಿಡಲಾಗಿದೆ. ರಂಜಾನ್ ತಿಂಗಳಲ್ಲಿ ಪ್ರತಿವರ್ಷ ಅವತೀರ್ಣವಾದಷ್ಟು ಕುರ್‌ಆನನ್ನು ಪ್ರವಾದಿಯವರೊಂದಿಗೆ ಜಿಬ್ರೀಲ್ ಪುನರಾವರ್ತಿಸುತ್ತಿದ್ದರು, ಕೊನೆಯ ವರ್ಷ ಎರಡು ಸಲ ಹಾಗಾಯಿತು ಎಂಬುದು ಮಾತ್ರ ಪುಸ್ತಿಕೆಯಲ್ಲಿ ಅಡಿಟಿಪ್ಪಣಿಯಾಗಿ ಉಳಿದಿದೆ. ಓದಿಸುವ ಗಬ್ರಿಯೇಲನನ್ನು ದಾನಿಯೇಲನಲ್ಲಿ ಅಷ್ಟು ಚೆನ್ನಾಗಿ ಗುರುತಿಸಿದವರು ಓದಿಸುವ ಜಿಬ್ರೀಲರನ್ನು ಅಡಿಟಿಪ್ಪಣಿಗೆ ತಳ್ಳಬಾರದಿತ್ತು.

ಇಷ್ಟರ ಮೇಲೆ ನನ್ನ ದೊಡ್ಡ ಆಕ್ಷೇಪಣೆ ಹನ್ನೊಂದನೆಯ ಉಪನ್ಯಾಸದ ಬಗ್ಗೆ. ಮೂರು ಪರಂಪರೆಗಳ ಹೋಲಿಕೆಯನ್ನೇ ಉದ್ದೇಶವಾಗಿಟ್ಟುಕೊಂಡ ಮಾಲೆಗೆ, ಎರಡು ಪರಂಪರೆಗಳು ಈ ದೇವದೂತನ ಬಗ್ಗೆಯೇ ಎದುರುಬದುರಾಗಿ ಮಾತಾಡಿದ ದಾಖಲೆ ಚಿನ್ನದ ಗಣಿಯಾಗಬೇಕಿತ್ತು. ಅಲ್‌ ಬಕರಃ ಅಧ್ಯಾಯದ 97 ಮತ್ತು 98ನೆಯ ಸೂಕ್ತಗಳು ಜಿಬ್ರೀಲರಿಗೆ ಶತ್ರುವಾದವನು ಯಾರೇ ಆಗಲಿ ಎಂದು ಶುರುವಾಗಿ, ಜಿಬ್ರೀಲ್ ಮತ್ತು ಮೀಕಾಲರಿಗೆ (ಮೀಕಾಯೇಲನಿಗೆ) ಶತ್ರುವಾದವನಿಗೆ ದೇವರೇ ಶತ್ರು ಎಂದು ಮುಗಿಯುತ್ತವೆ. ಇದರ ಹಿನ್ನೆಲೆಯಾಗಿ ಇಸ್ಲಾಂ ಮೂಲಗಳು ಮದೀನಾದ ಪ್ರಸಂಗವನ್ನು ಹೇಳುತ್ತವೆ: ಜಿಬ್ರೀಲ್ ಯುದ್ಧವನ್ನೂ ಶಿಕ್ಷೆಯನ್ನೂ ತರುವವನು, ಮಳೆಯನ್ನೂ ಕರುಣೆಯನ್ನೂ ತರುವ ಮೀಕಾಲನಾಗಿದ್ದರೆ ಒಪ್ಪುತ್ತಿದ್ದೆವು ಎಂದು ಅಲ್ಲಿನ ಯೆಹೂದಿಗಳು ಹೇಳಿದರೆಂದು ವರದಿ. ಮೂರನೆಯ ಉಪನ್ಯಾಸದ ಬೆಂಕಿಯ ಅಧಿಪತಿಯನ್ನು ಕೇಳಿದ ಮೇಲೆ ಈ ಮಾತು ಎಲ್ಲಿಂದ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮೀಕಾಯೇಲ ಹಿಮದವನು, ಗಬ್ರಿಯೇಲ ಬೆಂಕಿಯವನು ಎಂಬ ಮಾತು ಮಿದ್ರಾಷ್‌ನಲ್ಲಿಯೇ ಇದೆ. ಆದರೆ ಅದೇ ರಬ್ಬಿಗಳ ಗಬ್ರಿಯೇಲ ಪರದೆಯ ಹಿಂದಿನಿಂದ ಇಸ್ರಾಯೇಲಿನ ಪರ ವಾದಿಸಿದವನೂ ಹೌದು, ಹಾಗಾಗಿ ಶತ್ರು ಎಂಬ ವರದಿಯನ್ನು ಇಡೀ ಯೆಹೂದಿ ಪರಂಪರೆಯ ತಲೆಗೆ ಕಟ್ಟಲೂ ಬರುವುದಿಲ್ಲ. ಈ ಗಂಟನ್ನು ಬಿಡಿಸಲು ಬೇಕಾದ ಎಳೆಗಳೆಲ್ಲ ಮಾಲೆಯೊಳಗೇ ಇದ್ದವು. ಉಪನ್ಯಾಸಕರು ಪ್ರಸಂಗವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿ, ಭಿನ್ನಾಭಿಪ್ರಾಯಗಳಿದ್ದರೂ ಮೂವರೂ ಒಬ್ಬನೇ ದೂತನನ್ನು ಗೌರವಿಸುತ್ತಾರೆ ಎಂಬ ಸಿಹಿಮಾತಿಗೆ ಜಾರುತ್ತಾರೆ. ಯಾರಿಗೂ ನೋವಾಗಬಾರದೆಂಬ ಕಾಳಜಿ ಅರ್ಥವಾಗುತ್ತದೆ. ಜಗಳವನ್ನು ಮುಚ್ಚಿಟ್ಟರೆ ಸೂಕ್ತವೇ ಅರ್ಥವಾಗದೆ ಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಹನ್ನೆರಡನೆಯದು ದಾರ್ಶನಿಕರದು. ಮನುಷ್ಯನ ಬುದ್ಧಿಯನ್ನು ಬೆಳಗಿಸುವ ಕ್ರಿಯಾಶೀಲ ಬುದ್ಧಿತತ್ತ್ವವನ್ನು ಅಲ್‌ ಫಾರಾಬಿ ಜಿಬ್ರೀಲರ ಬಿರುದಾದ ವಿಶ್ವಸ್ತ ರೂಹ್ ಎಂಬ ಹೆಸರಿನಿಂದ ಕರೆದ ಬಗೆ, 1191ರಲ್ಲಿ ತೀರಿಕೊಂಡ ಸುಹ್ರವರ್ದಿ ಜಿಬ್ರೀಲರ ಬಲರೆಕ್ಕೆಯನ್ನು ಶುದ್ಧ ಬೆಳಕಾಗಿಯೂ ಎಡರೆಕ್ಕೆಯನ್ನು ಕತ್ತಲ ಛಾಯೆ ಬಿದ್ದದ್ದಾಗಿಯೂ ಕಂಡು, ನಮ್ಮ ಈ ಲೋಕ ಆ ಎಡರೆಕ್ಕೆಯ ನೆರಳು ಎಂದ ಬಗೆ ಎಲ್ಲ ಇಲ್ಲಿವೆ. ವಿಷಯ ದಟ್ಟವಾಗಿದೆ, ಸಮಯ ಸಾಲದು. ಮೈಮೊನಿದೆಸನನ್ನು ನಾಲ್ಕನೆಯ ಕಂತಿನಲ್ಲಿ ಹಾಗೆ ಅವಸರಿಸದೆ ಇಲ್ಲಿಗೆ ತಂದಿದ್ದರೆ ಎರಡು ಪರಂಪರೆಗಳ ಚಿಂತಕರು ಒಂದೇ ಮೇಜಿಗೆ ಕುಳಿತಂತಾಗುತ್ತಿತ್ತು.

ತಾಂತ್ರಿಕ ಅಂಶಗಳಲ್ಲಿ ಹೇಳಬೇಕಾದದ್ದು ಕಡಿಮೆ. ಧ್ವನಿಮುದ್ರಣ ಸ್ಪಷ್ಟವಾಗಿದೆ, ಉಪನ್ಯಾಸಕರ ಉಚ್ಚಾರ ಹೀಬ್ರೂ ಮತ್ತು ಅರಬ್ಬಿ ಹೆಸರುಗಳಲ್ಲಿಯೂ ಎಚ್ಚರದಿಂದ ಕೂಡಿದೆ. ಪಠ್ಯ ಓದುವಾಗಲೆಲ್ಲ ಹಿನ್ನೆಲೆಯಲ್ಲಿ ವಾದ್ಯಸಂಗೀತ ಹಾಕಿರುವುದು ಮಾತ್ರ ಅವಿವೇಕ. ಕುರ್‌ಆನಿನ ಸೂಕ್ತಗಳ ಅರ್ಥವನ್ನು ಓದುವಾಗ ವಾದ್ಯ ನುಡಿಸಿದರೆ ಅನೇಕ ಮುಸ್ಲಿಂ ಕೇಳುಗರಿಗೆ ಮುಜುಗರವಾಗುತ್ತದೆ ಎಂಬುದು ಇಂಥ ಮಾಲೆ ತಯಾರಿಸುವವರಿಗೆ ತಿಳಿದಿರಬೇಕಾದ ಮೊದಲ ಪಾಠ. ಪೂರ್ಣ ಲಿಖಿತ ಪಾಠ ಸಿಗುತ್ತದೆ, ಅದರಲ್ಲಿ ಹುಡುಕುವ ಸೌಲಭ್ಯವೂ ಇದೆ. ಆದರೆ ಗಬ್ರಿಯೇಲ ಎಂದು ಹುಡುಕಿದರೆ ಜಿಬ್ರೀಲ್ ಇರುವ ಪುಟಗಳು ಬರುವುದಿಲ್ಲ. ಪ್ರತಿ ಉಪನ್ಯಾಸದ ಕೊನೆಯ ಪ್ರಶ್ನೋತ್ತರ ಮಕ್ಕಳಾಟದಂತಿದ್ದು, ಯಾವ ದೂತ ಯಾವ ಗ್ರಂಥದಲ್ಲಿ ಎಂದು ಜೋಡಿಸುವುದಕ್ಕೆ ಸೀಮಿತವಾಗಿದೆ. ದೋಷಗಳನ್ನು ತಿಳಿಸಿ ಬರೆದ ಪತ್ರಕ್ಕೆ ಸೇವೆಯವರು ಸೌಜನ್ಯದಿಂದ ಉತ್ತರಿಸಿದರು. ಕೋಷ್ಟಕ ಇನ್ನೂ ಹಾಗೆಯೇ ಇದೆ.

ಈ ವಿಷಯಕ್ಕೆ ಹೊಸಬರಾದವರು ಮಾಲೆಯನ್ನು ಕ್ರಮಪ್ರಕಾರ ಕೇಳಬೇಕಾಗಿಲ್ಲ. ಒಂದನೆಯದು, ಮೂರನೆಯದು, ಐದನೆಯದು, ಒಂಬತ್ತು ಮತ್ತು ಹತ್ತನೆಯದು ಹಣಕ್ಕೆ ಮೋಸವಿಲ್ಲದ ಉಪನ್ಯಾಸಗಳು. ಬಿಡಿಯಾಗಿ ಕೊಳ್ಳುವ ಅವಕಾಶವೂ ಇರುವುದರಿಂದ ಅವಷ್ಟನ್ನೇ ಆರಿಸಿಕೊಳ್ಳಬಹುದು. ಹನ್ನೊಂದನೆಯದನ್ನು ಕೇಳುವುದಾದರೆ ಮೂರನೆಯದನ್ನು ಕೇಳಿದ ಬೆನ್ನಿಗೇ ಕೇಳಿ, ಆ ಎರಡು ಸೂಕ್ತಗಳ ಅನುವಾದವನ್ನೂ ಒಂದು ಪ್ರಾಚೀನ ವ್ಯಾಖ್ಯಾನವನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಏಳನೆಯದನ್ನು ಬಿಟ್ಟು ಆ ಹೊತ್ತಿನಲ್ಲಿ ಮಾರ್ತೀನಿಯ ಚಿತ್ರವನ್ನು ದೊಡ್ಡದಾಗಿ ತೆರೆದು ನೋಡಬಹುದು. ಸಂಸ್ಥೆಗಳು ಮತ್ತು ಗ್ರಂಥಾಲಯಗಳು ಪುಸ್ತಿಕೆಯ ಕೋಷ್ಟಕ ತಿದ್ದುಪಡಿಯಾಗುವವರೆಗೆ ಕಾಯಲಿ, ಏಕೆಂದರೆ ವಿದ್ಯಾರ್ಥಿಗಳು ಮೊದಲು ನಕಲು ಮಾಡಿಕೊಳ್ಳುವುದು ಆ ಪುಟವನ್ನೇ.